ದಾನಿಯ ಕೋಶ, ಮಗುವಿನ ಮೈ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದರೆ, ಆ ಮನೆಗೆ ಬಂದುಹೋಗುವವರೆಲ್ಲ ಆಡುವ ಮಾತು ಹೆಚ್ಚುಕಡಿಮೆ ಒಂದೇ: ‘ಎಲಬಿನ್ಯಾಗಿನ ಮಜ್ಜಿ ಬದಲ್ ಮಾಡಿದ್ರ ಉಳೀತೈತಂತ್ರಿ, ಇಪ್ಪತ್ತ ಲಕ್ಷ ಬೇಕಂತ.’ ಆಮೇಲೆ ವಾಟ್ಸಾಪಿನಲ್ಲಿ ಮಗುವಿನ ಫೋಟೊ, ಅದರ ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ. ಆ ತಾಯಿ-ತಂದೆಯ ಸಂಕಟ ನಿಜ, ಊರವರು ಹಾಕುವ ದುಡ್ಡಿನ ಹಿಂದಿನ ಮರುಕವೂ ನಿಜ. ಆದರೆ ಆ ಮಾತಿನೊಳಗೆ ಎರಡು ತಪ್ಪು ತಿಳಿವಳಿಕೆ ಸೇರಿಕೊಂಡಿವೆ. ಕ್ಯಾನ್ಸರ್ ಬಂದ ಮಕ್ಕಳಿಗೆಲ್ಲ ಕಸಿಯೇ ಗತಿ ಎಂಬುದು ಒಂದು. ಕೆಟ್ಟ ಮಜ್ಜೆ ತೆಗೆದು ಒಳ್ಳೆಯ ಮಜ್ಜೆ ತುಂಬಿದರೆ ರೋಗ ಹೋಯಿತು ಎಂಬುದು ಇನ್ನೊಂದು. ಇವೆರಡೂ ಮಕ್ಕಳ ಜೀವಕ್ಕೆ ಎರವಾಗುತ್ತಿರುವುದರಿಂದ, ಮಜ್ಜೆಯಲ್ಲಿದ್ದು ರಕ್ತ ಹುಟ್ಟಿಸುವ ಕಾಂಡಕೋಶಗಳ ಕಸಿ ನಿಜವಾಗಿ ಏನು ಮಾಡುತ್ತದೆ, ಯಾರಿಗೆ ಮಾಡುತ್ತದೆ, ಈ ನಾಲ್ಕು ತಾಲ್ಲೂಕುಗಳ ಒಂದು ಕುಟುಂಬಕ್ಕೆ ಅದರ ಅರ್ಥವೇನು ಎಂಬುದನ್ನು ಒಮ್ಮೆ ಪೂರ್ತಿಯಾಗಿ ನೋಡಬೇಕಿದೆ.

ಮೊದಲು ಯಾರಿಗೆ ಎಂಬ ಪ್ರಶ್ನೆ. ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಎಎಲ್ಎಲ್ ಎಂಬ ತೀವ್ರ ಲಿಂಫೊಬ್ಲಾಸ್ಟಿಕ್ ಲುಕೇಮಿಯಾ. ಇದು ಬಂದ ಬಹುಪಾಲು ಮಕ್ಕಳು ಎರಡು, ಎರಡೂವರೆ ವರ್ಷಗಳ ಕೀಮೋದಿಂದಲೇ ಗುಣವಾಗುತ್ತಾರೆ, ಅವರಿಗೆ ಕಸಿ ಬೇಡ. ಮೊದಲ ತಿಂಗಳ ಚಿಕಿತ್ಸೆ ಮುಗಿದಾಗ ಮಜ್ಜೆಯಲ್ಲಿ ಅಳಿದುಳಿದ ರೋಗಕೋಶ ಎಷ್ಟಿವೆ ಎಂದು ಎಂಆರ್‌ಡಿ ಪರೀಕ್ಷೆಯಲ್ಲಿ ಎಣಿಸುತ್ತಾರೆ. ಆ ಸಂಖ್ಯೆ ಮುಂದಿನ ಸುತ್ತಿನ ನಂತರವೂ ಇಳಿಯದಿದ್ದರೆ, ಅಥವಾ ಚಿಕಿತ್ಸೆಯ ನಡುವೆಯೋ ಮುಗಿದ ಸ್ವಲ್ಪ ದಿನಕ್ಕೋ ರೋಗ ಮರುಕಳಿಸಿದರೆ ಕಸಿಯ ಮಾತು ಬರುತ್ತದೆ. ಎಎಂಎಲ್ ಎಂಬ ಇನ್ನೊಂದು ಬಗೆಯಲ್ಲಿ ಕಸಿಯ ಪಾಲು ಹೆಚ್ಚು. ಆದರೆ ಅದರೊಳಗೇ ಎಪಿಎಲ್ ಎಂಬ ಉಪಬಗೆ ಆರ್ಸೆನಿಕ್ ಮತ್ತು ಎ ಜೀವಸತ್ವದ ರೂಪಾಂತರವೊಂದರಿಂದ ಕಸಿಯಿಲ್ಲದೆ ವಾಸಿಯಾಗುತ್ತದೆ. ಜೆಎಂಎಂಎಲ್ ಎಂಬ ಅಪರೂಪದ ಶಿಶುರೋಗದಲ್ಲಿ ಬಹುತೇಕರಿಗೆ ಕಸಿ ಬಿಟ್ಟರೆ ದಾರಿಯೇ ಇಲ್ಲ. ಒಂದು ಕಾಲಕ್ಕೆ ಸಿಎಂಎಲ್ ಎಂಬ ನಿಧಾನವಾಗಿ ಬೆಳೆಯುವ ಲುಕೇಮಿಯಾದ ರೋಗಿಗಳೆಲ್ಲ ಕಸಿಗೆ ಸಾಲುಗಟ್ಟುತ್ತಿದ್ದರು. 2001ರಲ್ಲಿ ಇಮಾಟಿನಿಬ್ ಮಾತ್ರೆ ಬಂದ ಮೇಲೆ ಆ ಸಾಲು ಕರಗಿತು.

ಕಸಿಯಲ್ಲೂ ಎರಡು ಜಾತಿ. ಮಗುವಿನದೇ ಕಾಂಡಕೋಶಗಳನ್ನು ತೆಗೆದಿಟ್ಟು, ಮಜ್ಜೆ ಸುಟ್ಟುಹೋಗುವಷ್ಟು ಪ್ರಬಲವಾದ ಕೀಮೋ ಕೊಟ್ಟು, ಆಮೇಲೆ ತೆಗೆದಿಟ್ಟದ್ದನ್ನು ಮರಳಿ ಏರಿಸುವುದು ಸ್ವಂತ ಕೋಶದ ಕಸಿ. ನ್ಯೂರೊಬ್ಲಾಸ್ಟೊಮಾ ಎಂಬ ಹೊಟ್ಟೆಯ ಗಡ್ಡೆಯ ಅಪಾಯಕಾರಿ ಬಗೆಗೆ, ಮರುಕಳಿಸಿದ ಹಾಜ್ಕಿನ್ ಲಿಂಫೋಮಾಕ್ಕೆ ಇದನ್ನು ಮಾಡುತ್ತಾರೆ. ಇಲ್ಲಿ ಕ್ಯಾನ್ಸರನ್ನು ಕೊಲ್ಲುವುದು ಕೀಮೋ, ಕಾಂಡಕೋಶದ ಕೆಲಸ ಮಗುವನ್ನು ಆ ಕೀಮೋದಿಂದ ಪಾರುಮಾಡುವುದು ಅಷ್ಟೆ. ಬೇರೊಬ್ಬ ದಾನಿಯ ಕೋಶ ಕೊಡುವುದು ಬೇರೆಯೇ ಸಂಗತಿ. ಅಲ್ಲಿ ಮಗುವಿನ ಮೈಯೊಳಗೆ ಹೋಗಿ ನೆಲೆಸುವುದು ಇನ್ನೊಬ್ಬರ ರೋಗನಿರೋಧಕ ವ್ಯವಸ್ಥೆ. ಕೆಲವು ತಿಂಗಳಲ್ಲಿ ಮಗುವಿನ ರಕ್ತದ ಗುಂಪು ಕೂಡ ದಾನಿಯದೇ ಆಗಿಬಿಡುತ್ತದೆ. ಕ್ಯಾನ್ಸರ್ ವಾಸಿಯಾಗುವುದರಲ್ಲೂ ಮಗು ನರಳುವುದರಲ್ಲೂ ಕೈ ಆ ಹೊಸ ವ್ಯವಸ್ಥೆಯದೇ. ಇಡೀ ಶಾಸ್ತ್ರ ನಿಂತಿರುವುದು ಈ ಎರಡನ್ನು ಬೇರ್ಪಡಿಸುವ ಪ್ರಯತ್ನದ ಮೇಲೆ.

ಇದು ಗೊತ್ತಾದ ಬಗೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1956ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಬಾರ್ನ್ಸ್ ಮತ್ತು ಲೌಟಿಟ್ ಎಂಬ ವಿಜ್ಞಾನಿಗಳು ಲುಕೇಮಿಯಾ ಇದ್ದ ಇಲಿಗಳಿಗೆ ವಿಕಿರಣ ಕೊಟ್ಟು ಬೇರೆ ಇಲಿಗಳ ಮಜ್ಜೆ ಏರಿಸಿದರು. ವಿಕಿರಣಕ್ಕೆ ಸಿಗದೆ ಉಳಿದ ರೋಗಕೋಶಗಳನ್ನು ಹೊಸ ಮಜ್ಜೆಯೇ ಕೊಲ್ಲುತ್ತಿರಬಹುದು ಎಂಬ ಗುಮಾನಿ ಮೊದಲು ಹುಟ್ಟಿದ್ದು ಅಲ್ಲಿ. ಮರುವರ್ಷ ಅಮೆರಿಕದ ಡೊನಾಲ್ ಥಾಮಸ್ ಆರು ರೋಗಿಗಳಿಗೆ ಮಜ್ಜೆ ಏರಿಸಿದ ವರದಿ ಪ್ರಕಟಿಸಿದರು, ಅವರಲ್ಲಿ ಯಾರೂ ನೂರು ದಿನ ದಾಟಿ ಬದುಕಲಿಲ್ಲ. ಥಾಮಸ್ ಬಿಡಲಿಲ್ಲ. ಈ ನಡುವೆ ಪ್ಯಾರಿಸಿನ ಝಾನ್ ದೋಸೆ, ಒಬ್ಬರ ಕೋಶವನ್ನು ಇನ್ನೊಬ್ಬರ ಮೈ ‘ನನ್ನದಲ್ಲ’ ಎಂದು ಗುರುತಿಸುವ ಎಚ್‌ಎಲ್‌ಎ ಗುರುತುಗಳ ದಾರಿ ತೆರೆದಿದ್ದರು. 1968ರಲ್ಲಿ ಮಿನೆಸೋಟಾದ ರಾಬರ್ಟ್ ಗುಡ್, ಹುಟ್ಟಿನಿಂದಲೇ ನಿರೋಧಕ ಶಕ್ತಿಯಿಲ್ಲದ ಕೂಸೊಂದಕ್ಕೆ ಅದರ ಅಕ್ಕನ ಮಜ್ಜೆ ಕೊಟ್ಟು ಉಳಿಸಿದರು. 1979ರಲ್ಲಿ ಸಿಯಾಟಲ್‌ನಲ್ಲಿ ಥಾಮಸ್ ಅವರ ತಂಡ 242 ರೋಗಿಗಳ ಲೆಕ್ಕ ತೆಗೆದಾಗ ಗುಮಾನಿ ನಿಜವೆಂದು ಕಂಡಿತು. ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಪಿತ್ತಜನಕಾಂಗಗಳ ಮೇಲೆ ದಾಳಿಮಾಡುವ ಜಿವಿಎಚ್‌ಡಿ ಎಂಬ ತೊಂದರೆ ಯಾರಿಗೆ ಬಂದಿತ್ತೋ ಅವರಲ್ಲಿ ಲುಕೇಮಿಯಾ ಮರುಕಳಿಸುವುದು ಎರಡೂವರೆ ಪಟ್ಟು ಕಡಿಮೆ ಇತ್ತು. ಅವಳಿಜವಳಿಯ ಮಜ್ಜೆ ಪಡೆದವರಿಗೆ ಈ ಲಾಭ ಇರಲಿಲ್ಲ. ಪೂರ್ತಿ ತದ್ರೂಪಾದ ದಾನಿ ಸಿಕ್ಕರೆ ಅದೃಷ್ಟ ಎಂದು ನಾವು ಭಾವಿಸುತ್ತೇವಲ್ಲ, ಲುಕೇಮಿಯಾದ ಮಟ್ಟಿಗೆ ಅದು ಅಷ್ಟು ನೇರವಲ್ಲ. ಹೊರಗಿನದನ್ನು ಗುರುತಿಸಿ ಕೊಲ್ಲುವ ಬಿಳಿರಕ್ತಕೋಶಗಳಾದ ದಾನಿಯ ಟಿ-ಕೋಶಗಳಿಗೆ ರೋಗಿಯ ಮೈ ತುಸು ಪರಕೀಯವಾಗಿ ಕಾಣಬೇಕು, ಆಗಲೇ ಅಡಗಿಕೊಂಡ ರೋಗಕೋಶವೂ ಕಣ್ಣಿಗೆ ಬೀಳುತ್ತದೆ.

ಭಾರತಕ್ಕೆ ಈ ವಿದ್ಯೆ ತಂದವರು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಸುರೇಶ ಅಡ್ವಾಣಿ. ಬಾಲ್ಯದಲ್ಲೇ ಪೋಲಿಯೊಗೆ ತುತ್ತಾಗಿ ಗಾಲಿಕುರ್ಚಿಯಲ್ಲೇ ವೈದ್ಯಕೀಯ ಓದಿದವರು, ಸಿಯಾಟಲ್‌ಗೆ ಹೋಗಿ ಥಾಮಸ್ ಅವರಲ್ಲಿ ಕಲಿತು ಬಂದರು. 1983ರ ಮಾರ್ಚ್‌ನಲ್ಲಿ ದೇಶದ ಮೊದಲ ಯಶಸ್ವಿ ಕಸಿ ನಡೆಯಿತು. ರೋಗಿ ಎಎಂಎಲ್ ಇದ್ದ ಒಂಬತ್ತು ವರ್ಷದ ಹುಡುಗಿ, ದಾನಿ ಅವಳ ಸಹೋದರ. ಅಂದರೆ ನಮ್ಮ ದೇಶದಲ್ಲಿ ಈ ಚಿಕಿತ್ಸೆ ಶುರುವಾದದ್ದೇ ಒಂದು ಮಗುವಿನಿಂದ. 1986ರಲ್ಲಿ ವೆಲ್ಲೂರಿನ ಸಿಎಂಸಿ ಕಸಿ ಆರಂಭಿಸಿತು. ಮುಂಬಯಿ ಪ್ರಾಂತ್ಯದ ಕಾಲದಿಂದಲೂ ವ್ಯಾಪಾರ, ಶಾಲೆ, ಆಸ್ಪತ್ರೆಗೆ ಪಡುವಣಕ್ಕೆ ಮುಖಮಾಡಿದ ಜಮಖಂಡಿ ಸೀಮೆಯವರಿಗೆ ಇವತ್ತಿಗೂ ಕ್ಯಾನ್ಸರ್ ಎಂದರೆ ಬಾಯಿಗೆ ಬರುವ ಹೆಸರು ‘ಟಾಟಾ’.

ಇನ್ನು ಮಗ್ಗದ ಊರುಗಳಿಗೂ ಈ ಚಿಕಿತ್ಸೆಗೂ ಇರುವ ಒಂದು ದೂರದ ನಂಟನ್ನು ರಬಕವಿ-ಬನಹಟ್ಟಿಯ ಓದುಗರಿಗೆ ಹೇಳದೆ ಇರಲಾರೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿ ಹೆಂಗಸರು ರಕ್ತಹೀನತೆಯಿಂದ ಸಾಯುತ್ತಿದ್ದುದೇಕೆ ಎಂದು ಹುಡುಕುತ್ತ, ಯೀಸ್ಟಿನ ಸಾರದಲ್ಲಿರುವ ಏನೋ ಒಂದು ಅವರನ್ನು ಉಳಿಸುತ್ತದೆ ಎಂದು 1931ರಲ್ಲಿ ಬರೆದರು. ಅದೇ ಮುಂದೆ ಫೋಲಿಕ್ ಆಮ್ಲ ಎಂದು ಗೊತ್ತಾಯಿತು. ರಕ್ತಕೋಶ ಹುಟ್ಟಲು ಇದು ಬೇಕಾದರೆ, ಇದನ್ನು ತಡೆದರೆ ರಕ್ತದ ಕ್ಯಾನ್ಸರ್ ಕೋಶವೂ ಹುಟ್ಟದಿರಬೇಕಲ್ಲವೆ? ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಹಾಗೆ ಯೋಚಿಸಿದರು. ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳತ್ವದಲ್ಲಿ ಲೆಡರ್ಲಿ ಪ್ರಯೋಗಾಲಯ ತಯಾರಿಸಿದ ಅಮಿನೊಪ್ಟೆರಿನ್ ಅವರ ಕೈಗೆ ಬಂತು. 1948ರ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಕ್ಕಳಿಗೆ ತಾತ್ಕಾಲಿಕವಾದರೂ ಗುಣ ಕಂಡಿತ್ತು. ಅದರ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಇವತ್ತು ಎಎಲ್ಎಲ್ ಮಕ್ಕಳ ದಿನಚರಿಯ ಭಾಗ. ಕಸಿಯಾದ ಮೊದಲ ದಿನಗಳಲ್ಲಿ ಅದೇ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ಸೈಕ್ಲೊಸ್ಪೋರಿನ್ ಜೊತೆ ಕೊಟ್ಟು, ದಾನಿಯ ಟಿ-ಕೋಶಗಳ ಆವೇಶ ಇಳಿಸುತ್ತಾರೆ. ಗಿರಣಿಯ ಹೆಂಗಸರ ರಕ್ತದಿಂದ ಹೊರಟ ತಿಳಿವು ಹೀಗೆ ಕಸಿ ಕೋಣೆಯವರೆಗೆ ಬಂದಿದೆ.

ದಾನಿಯ ಪ್ರಶ್ನೆಗೆ ಬರೋಣ. ಇಲ್ಲಿ ನಮ್ಮ ಸೀಮೆಯ ಬದುಕು ವಿಜ್ಞಾನದೊಳಕ್ಕೆ ನೇರವಾಗಿ ಬಂದು ಕೂರುತ್ತದೆ. ಪ್ರತಿ ಮಗುವಿಗೂ ತಂದೆಯಿಂದ ಒಂದು, ತಾಯಿಯಿಂದ ಒಂದು ಎಚ್‌ಎಲ್‌ಎ ಕಟ್ಟು ಬರುತ್ತದೆ. ಹಾಗಾಗಿ ಒಡಹುಟ್ಟಿದ ಒಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲೊಂದು. ತಂದೆ-ತಾಯಿ ಸಾಮಾನ್ಯವಾಗಿ ಅರ್ಧ ಮಾತ್ರ ಹೊಂದುತ್ತಾರೆ. ಆದರೆ ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗೆ ಒಂದು ರಕ್ತಸಂಬಂಧದೊಳಗೇ ಆಗುತ್ತದೆ. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ಕೃಷ್ಣಾ-ಘಟಪ್ರಭಾ ತೀರದಲ್ಲಿ ಇನ್ನೂ ಸಾಮಾನ್ಯ. ಅಕ್ಕನ ಮಗಳನ್ನು ಮದುವೆಯಾದವನಿಗೂ ಅವನ ಹೆಂಡತಿಗೂ ಒಂದು ಎಚ್‌ಎಲ್‌ಎ ಕಟ್ಟು ಒಂದೇ ಆಗಿರುವ ಸಾಧ್ಯತೆ ಎರಡರಲ್ಲೊಂದು. ಹಾಗಿದ್ದರೆ ಅವರ ಮಗುವಿಗೆ ತಂದೆಯೋ ತಾಯಿಯೋ ಪೂರ್ತಿ ಹೊಂದುವ ಸಾಧ್ಯತೆ ಮತ್ತೆ ಎರಡರಲ್ಲೊಂದು. ಒಟ್ಟು ಲೆಕ್ಕದಲ್ಲಿ ನಾಲ್ಕರಲ್ಲೊಂದು ಅಂಥ ಮಗುವಿಗೆ ಹೆತ್ತವರಲ್ಲೇ ಪೂರ್ಣ ದಾನಿ ಸಿಗಬಹುದು. ಸೋದರತ್ತೆ-ಸೋದರಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಇದು ಎಂಟರಲ್ಲೊಂದು. ಆದ್ದರಿಂದ ಇಲ್ಲಿಯ ಕುಟುಂಬ ಆಸ್ಪತ್ರೆಗೆ ಹೋದಾಗ ‘ಒಡಹುಟ್ಟಿದವರು ಹೊಂದಲಿಲ್ಲ’ ಎಂಬಲ್ಲಿಗೆ ನಿಲ್ಲಬಾರದು. ತಾಯಿ-ತಂದೆ, ಅಜ್ಜ-ಅಜ್ಜಿ, ಸೋದರಮಾವ, ಅತ್ತೆಯ ಮಕ್ಕಳ ತನಕ ವಂಶಾವಳಿ ಬರೆದು ವೈದ್ಯರ ಮುಂದಿಡಬೇಕು. ಮದುವೆ ಸಂಬಂಧ ಹೇಳಲು ನಾಚಿ ಮುಚ್ಚಿಡುವವರಿದ್ದಾರೆ, ಮುಚ್ಚಿಟ್ಟರೆ ದಾನಿ ಕೈತಪ್ಪಿಹೋಗಬಹುದು.

ಅದೇ ಸಂಬಂಧದ ಇನ್ನೊಂದು ಮುಖವೂ ಇದೆ. ಫ್ಯಾಂಕೊನಿ ಅನೀಮಿಯಾದಂಥ, ಮುಂದೆ ಲುಕೇಮಿಯಾಕ್ಕೆ ತಿರುಗಬಲ್ಲ ವಂಶವಾಹಿ ರೋಗಗಳು ಇಂಥ ಕುಟುಂಬಗಳಲ್ಲಿ ಹೆಚ್ಚು. ಆಗ ಪೂರ್ತಿ ಹೊಂದುವ ತಮ್ಮನಲ್ಲೂ ಅದೇ ರೋಗ ಮಲಗಿರಬಹುದು. ಅವನನ್ನು ಪರೀಕ್ಷಿಸದೆ ಮಜ್ಜೆ ತೆಗೆಯುವಂತಿಲ್ಲ.

ಈಗ ಹೇಳುವ ಮಾತನ್ನು ಈ ಲೇಖನದಲ್ಲಿ ಬೇರೆಲ್ಲ ಮರೆತರೂ ನೆನಪಿಡಬೇಕು. ಮಗುವಿಗೆ ರಕ್ತ ಕಡಿಮೆಯಾಗಿದೆ ಎಂದ ಕೂಡಲೇ ನಮ್ಮಲ್ಲಿ ಅಪ್ಪ, ಕಾಕಾ, ಸೋದರಮಾವ ತೋಳು ಚಾಚಿ ನಿಲ್ಲುತ್ತಾರೆ. ಪ್ರೀತಿಯಿಂದ ಮಾಡುವ ಆ ಕೆಲಸ ಇಂಥ ಮಗುವಿಗೆ ಎರಡು ರೀತಿಯಲ್ಲಿ ಕೇಡು ಮಾಡಬಲ್ಲದು. ಬಂಧುವಿನ ರಕ್ತದಲ್ಲಿರುವ ಎಚ್‌ಎಲ್‌ಎ ಗುರುತುಗಳ ವಿರುದ್ಧ ಮಗುವಿನ ಮೈ ಪ್ರತಿಕಾಯ ಬೆಳೆಸಿಕೊಂಡರೆ, ನಾಳೆ ಅದೇ ಬಂಧುವಿನ ಕಾಂಡಕೋಶ ನೆಲೆಯೂರದೆ ಹೋಗಬಹುದು. ಎರಡನೆಯದು ಇನ್ನೂ ಭಯಂಕರ. ರಕ್ತಸಂಬಂಧದ ಮದುವೆಯ ಮನೆಗಳಲ್ಲಿ ಎರಡೂ ಎಚ್‌ಎಲ್‌ಎ ಕಟ್ಟು ಒಂದೇ ಆಗಿರುವವರು ಹುಟ್ಟುತ್ತಾರೆ. ಅಂಥವರ ರಕ್ತವನ್ನು ಅದರಲ್ಲೊಂದು ಕಟ್ಟು ಹೊತ್ತ ಮಗುವಿಗೆ ಏರಿಸಿದರೆ, ಮಗುವಿನ ಮೈ ಆ ರಕ್ತದ ಟಿ-ಕೋಶಗಳನ್ನು ಪರಕೀಯವೆಂದು ಗುರುತಿಸುವುದಿಲ್ಲ. ಆ ಟಿ-ಕೋಶಗಳು ಮಾತ್ರ ಮಗುವನ್ನು ಪರಕೀಯವೆಂದೇ ನೋಡುತ್ತವೆ. ರಕ್ತ ಏರಿಸಿದ್ದರಿಂದಲೇ ಬರುವ ಈ ಜಿವಿಎಚ್‌ಡಿ ಅಪರೂಪ, ಆದರೆ ಬಂದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಉಳಿಯುವುದಿಲ್ಲ. ರಕ್ತದ ಚೀಲಕ್ಕೆ ವಿಕಿರಣ ಹಾಯಿಸಿದರೆ ಇದನ್ನು ಪೂರ್ತಿ ತಡೆಯಬಹುದು, ಆ ಸೌಲಭ್ಯ ಇರುವುದು ದೊಡ್ಡ ಕೇಂದ್ರಗಳಲ್ಲಿ. ತಾಲ್ಲೂಕು ಮಟ್ಟದಲ್ಲಿ ಮಾಡಬಹುದಾದದ್ದು ಸರಳ: ಲುಕೇಮಿಯಾ ಗುಮಾನಿ ಇರುವ ಮಗುವಿಗೆ ಬಂಧುಗಳ ರಕ್ತ ಬೇಡ, ರಕ್ತನಿಧಿಯಲ್ಲಿ ಬೇರೆಯವರದನ್ನು ಪಡೆದು ಬಂಧುಗಳು ಅದಕ್ಕೆ ಬದಲಿಯಾಗಿ ಕೊಡಲಿ. ಮಜ್ಜೆ ಪರೀಕ್ಷೆಗೆ ಮುನ್ನ ಸ್ಟಿರಾಯ್ಡ್ ಕೊಡುವುದೂ ಬೇಡ. ಕೀಲುನೋವು, ಬಿಡದ ಜ್ವರ ಎಂದು ಕೊಟ್ಟ ಆ ಚುಚ್ಚುಮದ್ದು ರೋಗಕೋಶಗಳನ್ನು ಕೆಲವು ವಾರ ಮರೆಮಾಡುತ್ತದೆ. ನಿಜವಾದ ಚಿಕಿತ್ಸೆ ಶುರುವಾಗುವ ಹೊತ್ತಿಗೆ ಅವು ಔಷಧಿಗೆ ಜಗ್ಗದಂತಾಗಿರಬಹುದು.

ಮನೆಯಲ್ಲಿ ಪೂರ್ಣ ದಾನಿ ಇಲ್ಲದವರಿಗೆ ಹತ್ತು-ಹದಿನೈದು ವರ್ಷಗಳಲ್ಲಿ ದಾರಿ ತೆರೆದಿದೆ. ಅರ್ಧ ಹೊಂದುವ ತಂದೆಯ ಕೋಶ ಏರಿಸಿ, ಮೂರನೆಯ ಮತ್ತು ನಾಲ್ಕನೆಯ ದಿನ ಸೈಕ್ಲೊಫಾಸ್ಫಮೈಡ್ ಎಂಬ ಹಳೆಯ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಮಗುವಿನ ಮೈಯನ್ನು ಕಂಡು ಕೆರಳಿ, ಆಗಷ್ಟೇ ಹೆಚ್ಚಾಗತೊಡಗಿದ ಟಿ-ಕೋಶಗಳು ಆ ಪೆಟ್ಟಿಗೆ ಸಿಗುತ್ತವೆ. ಕಾಂಡಕೋಶಗಳೊಳಗೆ ಆ ಔಷಧಿಯನ್ನು ಮುರಿಯುವ ಕಿಣ್ವ ಇರುವುದರಿಂದ ಅವು ಬದುಕಿಕೊಳ್ಳುತ್ತವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ರೂಪುಗೊಂಡ ಈ ಪದ್ಧತಿ ಭಾರತದಲ್ಲಿ ಬೇರೂರಲು ಮುಖ್ಯ ಕಾರಣ, ಔಷಧಿ ಅಗ್ಗ. ರೋಮ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಬೆಳೆಸಿದ ಇನ್ನೊಂದು ವಿಧಾನ, ಕೆರಳುವ ಬಗೆಯ ಟಿ-ಕೋಶಗಳನ್ನು ಮೊದಲೇ ಯಂತ್ರದಲ್ಲಿ ಸೋಸಿ ತೆಗೆಯುವುದು. ಫಲಿತಾಂಶ ಚೆನ್ನಾಗಿದೆ, ಸೋಸುವ ಸಾಮಗ್ರಿಯ ಬೆಲೆ ನಮ್ಮ ಕೈಗೆಟುಕುವಂಥದಲ್ಲ. ಅರ್ಧ ಹೊಂದಿಕೆಯ ಕಸಿಯಲ್ಲಿ ಸೈಕ್ಲೊಫಾಸ್ಫಮೈಡ್ ಬಳಸುವ ಅನೇಕ ಕೇಂದ್ರಗಳು ತಾಯಿಗಿಂತ ಮೊದಲು ತಂದೆಯನ್ನೋ ಒಡಹುಟ್ಟಿದವರನ್ನೋ ನೋಡುತ್ತವೆ. ಬಸುರಿನಲ್ಲಿ ಮಗುವಿನ ಗುರುತುಗಳನ್ನು ಕಂಡ ತಾಯಿಯ ಟಿ-ಕೋಶಗಳು ಬೇಗ ಕೆರಳಬಹುದೆಂಬುದು ಕಾರಣ. ‘ನನ್ನ ಕೂಸಿಗೆ ನನ್ನದs ಕೊಡ್ರಿ’ ಎಂದು ಹಟ ಹಿಡಿಯುವ ತಾಯಿಗೆ ಇದನ್ನು ಕೂತು ತಿಳಿಹೇಳಬೇಕು.

ಹೊರಗಿನ ದಾನಿಗಳ ನೋಂದಣಿಯನ್ನು ಚೆನ್ನೈಯ ದಾತ್ರಿ 2009ರಿಂದ ನಡೆಸುತ್ತಿದೆ. ಬೆಂಗಳೂರಿನಲ್ಲಿ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಇದೆ. ಕೆನ್ನೆಯ ಒಳಗಡೆ ಹತ್ತಿಕಡ್ಡಿ ಸವರಿ ಕೊಟ್ಟರೆ ಹೆಸರು ದಾಖಲಾಗುತ್ತದೆ. ಭಾರತೀಯರಿಗೆ ಹೊಂದುವ ದಾನಿ ಸಿಗುವುದು ಕಷ್ಟವಾಗಿರುವುದು ನೋಂದಾಯಿಸಿದವರು ಕಡಿಮೆ ಇರುವುದರಿಂದ, ಜೊತೆಗೆ ನಮ್ಮ ಸಮುದಾಯಗಳು ಶತಮಾನಗಳಿಂದ ತಮ್ಮತಮ್ಮೊಳಗೇ ಮದುವೆಯಾಗುತ್ತ ಬಂದಿರುವುದರಿಂದ. ರಬಕವಿಯ ನೇಕಾರ ಮನೆತನದ ಮಗುವಿಗೆ ಹೊಂದುವ ದಾನಿ ಬರ್ಲಿನ್‌ನಲ್ಲಿ ಸಿಗುವುದಕ್ಕಿಂತ ಬನಹಟ್ಟಿಯಲ್ಲೋ ಇಳಕಲ್ಲಿನಲ್ಲೋ ಸಿಗುವ ಸಂಭವ ಹೆಚ್ಚು. 1989ರಲ್ಲಿ ರೈತ ಮುಂದಾಳು ಸಿದ್ದು ನ್ಯಾಮಗೌಡರ ಹಿಂದೆ ನಿಂತ ಜಮಖಂಡಿ ಭಾಗದ ರೈತರು ಸರ್ಕಾರಕ್ಕೆ ಕಾಯದೆ, ವಂತಿಗೆ ಹಾಕಿ ಮೈಬಗ್ಗಿಸಿ ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಆ ಸೀಮೆಯ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ದಾನಿ ನೋಂದಣಿ ಶಿಬಿರ ನಡೆಸುವುದು ಅದರ ಮುಂದೆ ಯಾವ ದೊಡ್ಡ ಕೆಲಸ?

ಹೆರಿಗೆಯ ಹೊತ್ತಿಗೆ ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಇಡಿಸಿ ಎಂದು ಬರುವವರ ಮಾತಿಗೆ ಸಾಲ ಮಾಡಬೇಡಿ. ಮಗುವಿಗೆ ಲುಕೇಮಿಯಾ ಬಂದರೆ ಅದರದೇ ಹೊಕ್ಕುಳಬಳ್ಳಿಯ ರಕ್ತ ಉಪಯೋಗಕ್ಕೆ ಬರುವುದು ತೀರ ಕಡಿಮೆ. ರೋಗದ ಮೊಳಕೆ ಹುಟ್ಟುವಾಗಲೇ ಅದರೊಳಗೆ ಇದ್ದಿರಬಹುದು, ಮೇಲಾಗಿ ಅದಕ್ಕೆ ಲುಕೇಮಿಯಾವನ್ನು ಪರಕೀಯವಾಗಿ ಕಾಣುವ ಕಣ್ಣಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇದನ್ನು ಪ್ರೋತ್ಸಾಹಿಸುವುದಿಲ್ಲ.

ಕಸಿ ಎಂದರೆ ಶಸ್ತ್ರಚಿಕಿತ್ಸೆ ಎಂದುಕೊಂಡವರು ಬಹಳ. ದಾನಿಯ ಕೋಶಗಳು ರಕ್ತದಂತೆಯೇ ಚೀಲದಿಂದ ರಕ್ತನಾಳದೊಳಕ್ಕೆ ಇಳಿಯುತ್ತವೆ, ಅದಕ್ಕೆ ಹಿಡಿಯುವುದು ಕೆಲವು ಗಂಟೆ. ಕಷ್ಟ ಇರುವುದು ಅದರ ಮೊದಲು ಮತ್ತು ಆಮೇಲೆ. ಮೊದಲು ಹಳೆಯ ಮಜ್ಜೆಯನ್ನು ಬರಿದುಮಾಡಬೇಕು. ಎಎಲ್ಎಲ್ ಇರುವ ನಾಲ್ಕು ವರ್ಷ ದಾಟಿದ ಮಕ್ಕಳಲ್ಲಿ ಇದನ್ನು ಇಡೀ ಮೈಗೆ ವಿಕಿರಣ ಕೊಟ್ಟು ಮಾಡುವುದೋ ಬರೀ ಕೀಮೋದಿಂದ ಮಾಡುವುದೋ ಎಂದು ಹಲವು ದೇಶಗಳು ಸೇರಿ ನಡೆಸಿದ ಫೋರಂ ಅಧ್ಯಯನದ ಉತ್ತರ 2021ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಕೊನೆಗೆ ವಿಕಿರಣದ ಗುಂಪಿನಲ್ಲಿ ಶೇ 91 ಮಕ್ಕಳು ಬದುಕಿದ್ದರೆ ಕೀಮೋ ಗುಂಪಿನಲ್ಲಿ ಶೇ 75. ವಿಕಿರಣಕ್ಕೆ ಮುಂದೆ ತೆರಬೇಕಾದ ಬೆಲೆಯೂ ಇದೆ: ಎತ್ತರ ಕುಂಠಿತವಾಗುವುದು, ಥೈರಾಯ್ಡ್, ಕಣ್ಣಿನ ಪೊರೆ, ಮಕ್ಕಳಾಗದಿರುವುದು. ಹೆಣ್ಣುಮಗುವಿನ ತಂದೆ-ತಾಯಿಗೆ ಇದನ್ನು ಮುಂಚೆಯೇ ಹೇಳಬೇಕು.

ಆಮೇಲಿನ ಕಾಲದಲ್ಲಿ ಮಗು ನಿರೋಧಕ ಶಕ್ತಿಯ ಮಟ್ಟಿಗೆ ಹುಟ್ಟಿದ ಕೂಸಿಗಿಂತ ದುರ್ಬಲ. ಬ್ಯಾಕ್ಟೀರಿಯಾ ತಡೆಯುವ ನ್ಯೂಟ್ರೊಫಿಲ್‌ಗಳು ಎರಡರಿಂದ ನಾಲ್ಕು ವಾರದಲ್ಲಿ ಬರುತ್ತವೆ. ವೈರಸ್ಸನ್ನೂ ಕ್ಯಾನ್ಸರನ್ನೂ ಕೊಲ್ಲಬಲ್ಲ ಎನ್‌ಕೆ ಕೋಶಗಳು ಮೊದಲ ತಿಂಗಳಲ್ಲೇ ತಲೆಯೆತ್ತುತ್ತವೆ. ಟಿ-ಕೋಶಗಳು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಹೊಸದಾಗಿ ಕಲಿತು ಹೊರಬರಲು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಮೇಲೆ ಬೇಕು. ಮಕ್ಕಳ ಥೈಮಸ್ ದೊಡ್ಡವರದಕ್ಕಿಂತ ಚುರುಕು, ಅದು ಅವರಿಗಿರುವ ವರ. ನಮ್ಮ ದೇಶದಲ್ಲಿ ಬಹುತೇಕ ಎಲ್ಲರ ಮೈಯಲ್ಲೂ ಸಿಎಂವಿ ಎಂಬ ವೈರಸ್ ಸುಮ್ಮನೆ ಮಲಗಿರುತ್ತದೆ, ಟಿ-ಕೋಶ ಇಲ್ಲದ ಹೊತ್ತಿಗೆ ಎದ್ದುಬರುತ್ತದೆ. ಅದಕ್ಕೇ ವಾರವಾರ ರಕ್ತಪರೀಕ್ಷೆ. ಜೊತೆಗೆ ಯಾವ ಆಂಟಿಬಯಾಟಿಕ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳು ಭಾರತದ ಕಸಿ ಘಟಕಗಳ ದೊಡ್ಡ ಶತ್ರು. ಅರಿವಿದ್ದೋ ಇಲ್ಲದೆಯೋ ನಾವು ಸಣ್ಣ ಜ್ವರಕ್ಕೂ ನುಂಗುವ ಪ್ರಬಲ ಮಾತ್ರೆಗಳು ಅವುಗಳನ್ನು ಬೆಳೆಸಿವೆ.

ಮನೆಗೆ ಮರಳಿದ ಮೇಲೆ? ಮುಧೋಳ ಭಾಗದಲ್ಲಿ ಹಂಗಾಮಿನಲ್ಲಿ ಕಬ್ಬಿನ ರವದಿಗೆ ಬೆಂಕಿ ಬೀಳುತ್ತದೆ, ಬೆಲ್ಲದ ಗಾಣಗಳ ಪಕ್ಕ ಕಬ್ಬಿನ ಸಿಪ್ಪೆ ರಾಶಿಯಾಗಿ ಬೂಸಲು ಹಿಡಿಯುತ್ತದೆ. ಬನಹಟ್ಟಿಯಲ್ಲಿ ಮಲಗುವ ಕೋಣೆಗೆ ತಾಗಿಯೇ ಮಗ್ಗ ಓಡುತ್ತದೆ, ಹತ್ತಿಯ ದೂಳು ಗಾಳಿಯಲ್ಲಿ ತೇಲುತ್ತದೆ. ಕಸಿಯಾದ ಮಗುವಿನ ಶ್ವಾಸಕೋಶಕ್ಕೆ ಬೂಸಲಿನ ಬೀಜಗಳು ಮಾರಕ. ಮೊದಲ ವರ್ಷವಾದರೂ ಮಗು ಮಲಗುವ ಕೋಣೆ ಮಗ್ಗದಿಂದ, ಮೇವಿನ ಬಣವೆಯಿಂದ, ಸಿಪ್ಪೆಯ ರಾಶಿಯಿಂದ ದೂರ ಇರಬೇಕು. ನೀರು ಕುದಿಸಿ ಆರಿಸಿದ್ದಿರಬೇಕು. ಮನೆಯಲ್ಲಿ ಯಾರಿಗಾದರೂ ಕ್ಷಯ ಇದೆಯೇ ಎಂದು ಮೊದಲೇ ನೋಡಿಸಬೇಕು. ಇಂಥ ಮಾತುಗಳು ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲಾಗಿ ಇರುತ್ತವೆ. ನೇಕಾರನ ಮನೆಗೆ ಅರ್ಥವಾಗುವಂತೆ ಕನ್ನಡದಲ್ಲಿ ಬರೆದುಕೊಟ್ಟರೆ ಒಂದು ಔಷಧಿಯಷ್ಟೇ ಉಪಕಾರ.

ರೋಗನಿರೋಧಕ ಶಕ್ತಿಯನ್ನು ದಾನಿಯಿಂದ ತರುವ ಬದಲು ಮಗುವಿನದನ್ನೇ ಹದಗೊಳಿಸುವ ದಾರಿಗಳು ಈಗ ಬಂದಿವೆ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಹುಡುಗಿಯ ಟಿ-ಕೋಶಗಳನ್ನು ಹೊರತೆಗೆದು, ಲುಕೇಮಿಯಾ ಕೋಶದ ಮೇಲಿನ ಸಿಡಿ-19 ಗುರುತನ್ನು ಹಿಡಿಯುವಂತೆ ತಿದ್ದಿ ಮರಳಿ ಕೊಟ್ಟರು. ಆ ಕಾರ್-ಟಿ ಚಿಕಿತ್ಸೆಯ ಭಾರತೀಯ ರೂಪವನ್ನು ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರ ಸೇರಿ ಬೆಳೆಸಿದವು. ನೆಕ್ಸ್‌ಕಾರ್-19ಕ್ಕೆ 2023ರಲ್ಲಿ 15 ವರ್ಷ ಮೇಲ್ಪಟ್ಟವರಿಗೆಂದು ಅನುಮತಿ ಸಿಕ್ಕಿತು. ವಿದೇಶದ ಬೆಲೆಯ ಹತ್ತರಲ್ಲೊಂದು ಭಾಗವಾದರೂ ಅದು ಮಧ್ಯಮ ವರ್ಗಕ್ಕೇ ಎಟುಕದಷ್ಟಿದೆ. ಟಿ-ಕೋಶವನ್ನೂ ರೋಗಕೋಶವನ್ನೂ ಒಟ್ಟಿಗೆ ಹಿಡಿದು ಕಟ್ಟುವ ಬ್ಲಿನಾಟುಮೊಮ್ಯಾಬ್ ಅನ್ನು ಸಾಧಾರಣ ಅಪಾಯದ ಎಎಲ್ಎಲ್ ಮಕ್ಕಳ ಕೀಮೋಗೆ ಸೇರಿಸಿದಾಗ ಮೂರು ವರ್ಷ ರೋಗವಿಲ್ಲದೆ ಉಳಿದವರು ಶೇ 88ರಿಂದ 96ಕ್ಕೆ ಏರಿದ್ದನ್ನು 2024ರ ಕೊನೆಗೆ ಬಂದ ಅಧ್ಯಯನ ತೋರಿಸಿತು. ಇಂಥ ಔಷಧಿ ಅಗ್ಗವಾದ ದಿನ ಕಸಿಯ ಅಗತ್ಯ ಇನ್ನಷ್ಟು ಇಳಿಯುತ್ತದೆ. ಆದರೆ ಇವೆಲ್ಲ ಬಿ-ಕೋಶದ ಲುಕೇಮಿಯಾಕ್ಕೆ. ನಮ್ಮ ದೇಶದ ಮಕ್ಕಳಲ್ಲಿ ಟಿ-ಕೋಶದ ಬಗೆಯ ಪಾಲು ಪಶ್ಚಿಮಕ್ಕಿಂತ ಹೆಚ್ಚು, ಅವರಿಗೆ ಇವತ್ತೂ ಕೀಮೋ, ಮರುಕಳಿಸಿದರೆ ಕಸಿ. ಗಡ್ಡೆಯ ಕ್ಯಾನ್ಸರುಗಳಲ್ಲಿ ದೊಡ್ಡವರಿಗೆ ಅದ್ಭುತ ಫಲ ಕೊಟ್ಟ, ಟಿ-ಕೋಶಗಳ ಕಡಿವಾಣ ಬಿಚ್ಚುವ ನಿವೊಲುಮ್ಯಾಬ್‌ನಂಥ ಔಷಧಿಗಳು ಮಕ್ಕಳಲ್ಲಿ ಹೆಚ್ಚಾಗಿ ಸೋತಿವೆ. ಮಕ್ಕಳ ಗಡ್ಡೆಯಲ್ಲಿ ವಂಶವಾಹಿ ತಪ್ಪುಗಳು ಕಡಿಮೆ, ಟಿ-ಕೋಶಕ್ಕೆ ಹಿಡಿಯಲು ಗುರುತೇ ಇರುವುದಿಲ್ಲ. ಹಾಜ್ಕಿನ್ ಲಿಂಫೋಮಾ ಒಂದು ಅಪವಾದ. ಇನ್ನೊಂದು, ತಂದೆ-ತಾಯಿ ಇಬ್ಬರಿಂದಲೂ ಡಿಎನ್‌ಎ ರಿಪೇರಿಯ ದೋಷ ಬಂದ ಮಕ್ಕಳ ಮಿದುಳು ಗಡ್ಡೆಗಳು. ಇವು ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚು ಕಾಣುವುದರಿಂದ, ಮಗುವಿನ ಮೈಮೇಲೆ ಹಾಲುಗಾಫಿ ಬಣ್ಣದ ಮಚ್ಚೆಗಳಿದ್ದು ಮಿದುಳಿನಲ್ಲಿ ಗಡ್ಡೆ ಇದ್ದರೆ ಆ ದೋಷದ ಪರೀಕ್ಷೆಯನ್ನು ನಮ್ಮಲ್ಲಿ ಕೇಳಿ ಮಾಡಿಸಬೇಕು.

ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಸೀಮೆಯ ಭೂಗೋಳವೇ ಅಡ್ಡ. ಬಾಗಲಕೋಟೆ, ವಿಜಯಪುರ, ಬೆಳಗಾವಿಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಮಿಶನರಿ ವೈದ್ಯ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ಕಟ್ಟಿದ ಮಿರಜ ರಬಕವಿಯವರಿಗೆ ಇವೆಲ್ಲಕ್ಕಿಂತ ರೂಢಿಯ ದಾರಿ. ರೋಗ ಪತ್ತೆಗೆ, ಕೀಮೋದ ಹಲವು ಹಂತಗಳಿಗೆ ಇವು ಒದಗಬಲ್ಲವು. ಸರ್ಕಾರಿ ನೆಲೆಯಲ್ಲಿ ಮಕ್ಕಳ ಕ್ಯಾನ್ಸರಿಗೆ ಮುಖ್ಯ ಆಸರೆ 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಅಲ್ಲಿ ಈಚಿನ ವರ್ಷಗಳಲ್ಲಿ ಅಸ್ಥಿಮಜ್ಜೆ ಕಸಿ ಘಟಕವೂ ತೆರೆದಿದೆ. ಆದರೆ ಅದು ಜಮಖಂಡಿಯಿಂದ ಐನೂರು ಕಿಲೋಮೀಟರಿಗೂ ದೂರ, ಕಸಿಯಾದ ಮೊದಲ ನೂರು ದಿನ ಆಸ್ಪತ್ರೆಯ ಹತ್ತಿರವೇ ಇರಬೇಕು. ಆ ನೂರು ದಿನ ಮಗ್ಗ ನಿಲ್ಲುತ್ತದೆ, ಕಬ್ಬಿನ ಕಟಾವಿನ ಸರದಿ ತಪ್ಪುತ್ತದೆ, ಉಳಿದ ಮಕ್ಕಳು ಅಜ್ಜಿಯ ಮನೆ ಸೇರುತ್ತಾರೆ. ದಾನಿಯ ಕಸಿಗೆ ನಮ್ಮಲ್ಲಿ ಹತ್ತರಿಂದ ಇಪ್ಪತ್ತೈದು ಲಕ್ಷ ತಗಲುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ, ಮುಖ್ಯಮಂತ್ರಿ ಹಾಗೂ ಪ್ರಧಾನಿ ಪರಿಹಾರ ನಿಧಿ, ದಾನಿಗಳ ನೆರವು ಎಲ್ಲ ಕೂಡಿದರೂ ಈ ನೂರು ದಿನದ ಬಾಡಿಗೆ, ಊಟ, ಹೋದ ಕೂಲಿ ಯಾವ ಲೆಕ್ಕದಲ್ಲೂ ಸೇರುವುದಿಲ್ಲ. ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಸರ್ಕಾರಿ ಕಸಿ ಘಟಕ ಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ. ಅದಕ್ಕೂ ಮೊದಲು ಜಿಲ್ಲೆಗೊಂದು ಮಕ್ಕಳ ಕ್ಯಾನ್ಸರ್ ತಜ್ಞರು, ಎಂಆರ್‌ಡಿ ಪರೀಕ್ಷೆಯ ಮಾದರಿ ಸರಿಯಾಗಿ ಕಳಿಸುವ ವ್ಯವಸ್ಥೆ, ವಿಕಿರಣ ಹಾಯಿಸಿದ ರಕ್ತ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಗುಣವಾಗುತ್ತಾರೆ, ಅನೇಕ ಬಡ ದೇಶಗಳಲ್ಲಿ ಶೇ 30ಕ್ಕೂ ಕಡಿಮೆ. ಆ ಅಂತರದ ದೊಡ್ಡ ಪಾಲು ತಡವಾದ ಪತ್ತೆಯದು, ನಡುವೆ ಬಿಟ್ಟ ಚಿಕಿತ್ಸೆಯದು, ಸೋಂಕಿನದು. ಇವನ್ನು ಸರಿಪಡಿಸಲು ಕಸಿ ಘಟಕಕ್ಕೆ ಕಾಯಬೇಕಿಲ್ಲ.

ಕಸಿ ಮುಗಿದು ಮಗು ಊರಿಗೆ ಬಂದಮೇಲೆ ಆಶಾ ಕಾರ್ಯಕರ್ತೆಯ ಕೈಯಲ್ಲಿ ಒಂದು ದೊಡ್ಡ ಕೆಲಸ ಉಳಿದಿರುತ್ತದೆ. ಅವಳ ಪುಸ್ತಕದಲ್ಲಿ ಈ ಮಗುವಿನ ಲಸಿಕೆಗಳೆಲ್ಲ ಎಂದೋ ಮುಗಿದಿವೆ. ಹಳೆಯ ಮಜ್ಜೆಯ ಜೊತೆ ಆ ಲಸಿಕೆಗಳ ನೆನಪೂ ಬಹುಪಾಲು ಹೋಗಿರುವುದರಿಂದ, ಒಂಬತ್ತು ವರ್ಷದ ಹುಡುಗನಿಗೂ ಆರು ತಿಂಗಳಿಂದ ವರ್ಷದೊಳಗೆ ಗಂಟಲಮಾರಿ, ಧನುರ್ವಾಯು, ನ್ಯುಮೊಕಾಕಲ್ ಲಸಿಕೆಗಳನ್ನು ಮೊದಲಿನಿಂದ ಶುರುಮಾಡಬೇಕು. ದಡಾರದಂಥ ಜೀವಂತ ಲಸಿಕೆಗೆ ಎರಡು ವರ್ಷ ಕಾಯಬೇಕು, ಅದೂ ಜಿವಿಎಚ್‌ಡಿ ಇಲ್ಲದೆ, ನಿರೋಧಕ ಶಕ್ತಿ ತಗ್ಗಿಸುವ ಔಷಧಿ ನಿಂತಿದ್ದರೆ ಮಾತ್ರ. ಅಲ್ಲಿಯ ತನಕ ದಡಾರದಿಂದ ಅವನನ್ನು ಕಾಯುವುದು ಅವನ ತಂಗಿಯ, ಓಣಿಯ ಮಕ್ಕಳ ಲಸಿಕೆ. ಆದರೆ ಪಲ್ಸ್ ಪೋಲಿಯೊ ಭಾನುವಾರ ಮನೆಮನೆಗೆ ಬರುವ ಹನಿಯಲ್ಲಿ ಜೀವಂತ ವೈರಸ್ ಇರುತ್ತದೆ. ಈ ಮನೆಯ ತಂಗಿಗೆ ಆ ಹನಿ ಹಾಕಬಾರದು, ಅದರ ಬದಲು ಚುಚ್ಚುಮದ್ದಿನ ಪೋಲಿಯೊ ಲಸಿಕೆ ಕೊಡಿಸಬೇಕು. ಆಸ್ಪತ್ರೆಯವರು ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಹೆಸರಿಗೆ ಕಳಿಸಲಿ. ಕುಟುಂಬದವರು ಅದನ್ನು ಕೇಳಿ ಪಡೆಯಲಿ.